ಕುಕ್ಕರಹಳ್ಳಿಯ ಕೆರೆಯೂ ಪೂರ್ಣಯ್ಯನವರ ಕಾಲುವೆಯೂ

ಮೈಸೂರು ನಗರದ ಪಶ್ಚಿಮಕ್ಕೆ, ಮಾನಸಗಂಗೋತ್ರಿಯ ಮಗ್ಗುಲಲ್ಲಿರುವ ಕುಕ್ಕರಹಳ್ಳಿಯ ಕೆರೆಯನ್ನು ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು, ಕಾಲ 1864. ರಾಜ್ಯಾಡಳಿತವು 1831ರಲ್ಲಿಯೇ ಆಂಗ್ಲರ ಕೈಸೇರಿದ್ದಿತು. ಆದರೂ ಊರಿಗೊಂದು ಕೆರೆ ಬೇಕೆಂಬ ಯೋಚನೆಯು ಅರಸರನ್ನು ಬಿಟ್ಟಿರಲಿಲ್ಲ. ನಗರದ ಹೊರಗಿನ ಸುಮಾರು 10,000 ಎಕರೆ ಭೂಮಿಗೆ ನೀರೊದಗಿಸುವುದೇ ಇದರ ಉದ್ದೇಶವಾಗಿದ್ದಿತು. ಹಿಂದಿನವರು ಇದನ್ನು ಕುಕ್ಕನಹಳ್ಳಿ ಕೆರೆಯೆಂದು ಕರೆಯುತ್ತಿದ್ದರು; ಕುವೆಂಪು ಅವರ ಸಂಜೆಯ ಸಂಚಾರಗಳಿಂದಾಗಿ ಕನ್ನಡ ವಾಚಕರಿಗೆ ಆ ಹೆಸರೂ ಪರಿಚಿತವಾದುದೇ.

ಕೆರೆಯ ಚರಿತ್ರೆಯನ್ನು ಏರಿಯಿಂದ ಆರಂಭಿಸುವುದು ವಾಡಿಕೆ. ಈ ಕೆರೆಯ ವಿಷಯದಲ್ಲಿ ಕಾಲುವೆಯಿಂದ ಆರಂಭಿಸುವುದೇ ನ್ಯಾಯವಾದುದು. ಏರಿ ಕಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ಕಾಲುವೆಯನ್ನು ತೋಡಿಸಿದರು. ಆ ಸಂಕಲ್ಪವು ಕೈಗೂಡಲಿಲ್ಲ. ಹೊಳೆಯ ನೀರು ಬಾರದಿದ್ದರೂ ಹಿನಕಲ್ ಕಡೆಯ ಇಳಿಜಾರುಗಳ ಮಳೆಯ ನೀರು ಅದರಲ್ಲಿ ಹರಿದು ಬಂದಿತು. ಮುಂದೆ ಕುಕ್ಕರಹಳ್ಳಿಯ ಕೆರೆಯನ್ನು ತುಂಬಿದುದು ಆ ನೀರೇ. ಕೆಲಸ ಕೆಟ್ಟಿತೆಂದು ಆ ಕಾಲದವರು ನೊಂದಿರಬಹುದು.

ಕಾವೇರಿಯ ನೀರು ಯಂತ್ರಗಳ ಮೂಲಕ ನಗರಕ್ಕೆ ಬಂದ ಮೇಲೆ ಕೆರೆಯ ಕಡೆಗೆ ಜನರ ಗಮನವು ಕಡಿಮೆಯಾಯಿತು. ನಗರವು ಬೆಳೆಯುತ್ತ ಬಂದಂತೆ ಕಾಲುವೆಯ ಹಾದಿಯಲ್ಲಿ ಮನೆ ಬೀದಿಗಳು ಎದ್ದವು. ಮಳೆನೀರಿನ ದಾರಿ ಕಟ್ಟಿತು. ಬಚ್ಚಲ ನೀರಿನ ದಾರಿ ತೆರೆಯಿತು. ಕೊಳಚೆಯು ಸೇರಿದ ಕೆರೆಯಲ್ಲಿ ಪಾಚಿ ಹೆಚ್ಚುತ್ತದೆ, ಅದು ಸತ್ತು ಕೊಳೆಯುವಾಗ ನೀರಿನಲ್ಲಿಯ ಪ್ರಾಣವಾಯು ತೀರುತ್ತದೆ, ಮೀನು ಸಾಯುತ್ತದೆ. ಕೆರೆಯು ನಾಶದ ಅಂಚಿಗೆ ಬಂದಾಗ ವಿಶ್ವವಿದ್ಯಾನಿಲಯವೂ ನಾಗರಿಕರೂ ಎಚ್ಚೆತ್ತು, ಕೊಳಚೆಯನ್ನು ಬೇರೆಡೆಗೆ ತಿರುಗಿಸುವ ಕಾರ್ಯಕ್ಕೆ ತೊಡಗಿದರು. ಹೆಜ್ಜಾರ್ಲೆ, ನೀರುಕಾಗೆ, ಬಾಯ್ಕಳಕಗಳಿಗೆ ಅದು ಆಶ್ರಯವಾಗಿ ಉಳಿದಿರುವುದು ಈ ಶ್ರಮದ ಫಲ.

ಹಕ್ಕಿಗಳಿಗಾಗಿ ಯಾರೂ ಕೆರೆ ಕಟ್ಟಿದವರಲ್ಲ. ಶ್ರೀರಂಗಪಟ್ಟಣದ ಬಳಿ ಕಂಠೀರವ ನರಸರಾಜ ಒಡೆಯರು 1645ರಿಂದ 1648ರೊಳಗೆ ಕಾವೇರಿಗೆ ಕಟ್ಟಿಸಿದ ಒಡ್ಡೂ ಬೇಸಾಯಕ್ಕಾಗಿಯೇ. ಅದರಿಂದ ಉಂಟಾದ ನಡುಗಡ್ಡೆಗಳೇ ರಂಗನತಿಟ್ಟು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದಕ್ಕೆ ರಕ್ಷಣೆ ದೊರೆಯಿತು. 2022ರಲ್ಲಿ ರಾಮ್ಸಾರ್ ಒಪ್ಪಂದದ ಜವುಗುನೆಲಗಳ ಪಟ್ಟಿಗೆ ಸೇರಿತು. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯು 2024ರಲ್ಲಿ ಅದೇ ಪಟ್ಟಿಯನ್ನು ಸೇರಿದೆ.

ಜವುಗುನೆಲಗಳಿಗೆ ಈಗ ಇನ್ನೊಂದು ಬೆಲೆಯೂ ಬಂದಿದೆ. ಗಾಳಿಯಾಡದ ಒದ್ದೆ ಕೆಸರಿನಲ್ಲಿ ಸತ್ತ ಗಿಡಗಳು ಮೆಲ್ಲಗೆ ಕೊಳೆಯುವುದರಿಂದ ಅವುಗಳ ಇಂಗಾಲವು ಬಹುಕಾಲ ಮಣ್ಣಿನಲ್ಲಿಯೇ ನಿಲ್ಲುತ್ತದೆ. ಸಮುದ್ರತೀರದ ಉಪ್ಪುಜವುಗಿಗೆ ಇದರಲ್ಲಿ ಹೆಚ್ಚಿನ ಅನುಕೂಲವಿದೆ; ಉಪ್ಪುನೀರಿನಲ್ಲಿರುವ ಸಲ್ಫೇಟು ಮೀಥೇನ್ ಅನಿಲವು ಹೆಚ್ಚಾಗಿ ಹುಟ್ಟದಂತೆ ತಡೆಯುತ್ತದೆ. ಸಿಹಿನೀರಿನ ಕೆರೆಗೆ ಆ ಭಾಗ್ಯವಿಲ್ಲ. ಅದಕ್ಕೆ ಕೊಳಚೆಯೂ ಸೇರಿದರೆ ಮೀಥೇನ್ ಮತ್ತಷ್ಟು ಹೆಚ್ಚಿ, ಕೂಡಿಟ್ಟ ಇಂಗಾಲದ ಪ್ರಯೋಜನವೇ ಕೈಬಿಡಬಹುದು. ಕುಕ್ಕರಹಳ್ಳಿಯಂತಹ ಕೆರೆಯಲ್ಲಿ ಹಕ್ಕಿಗೆ ಹಿತವಾದುದೂ ವಾಯುಮಂಡಲಕ್ಕೆ ಹಿತವಾದುದೂ ಒಂದೇ: ಬರುವ ನೀರು ನಿರ್ಮಲವಾಗಿರಬೇಕು, ಅಂಚಿನ ಜೊಂಡು ಉಳಿಯಬೇಕು.

ಆದರೆ ಜೀರ್ಣೋದ್ಧಾರವೆಂದರೆ ದಡಕ್ಕೆ ಕಲ್ಲು ಹೊದಿಸಿ ದೀಪ ನೆಡುವುದೆಂಬ ಭ್ರಮೆ ಬಲವಾಗಿದೆ. ಕಲ್ಲಿನ ದಡದಲ್ಲಿ ಜೊಂಡು ಬೇರೂರದು. ಜೊಂಡಿಲ್ಲದೆಡೆ ಅದನ್ನು ನಂಬಿದ ಹಕ್ಕಿಗೆ ಮರೆಯಿಲ್ಲ. ಏರಿಯ ಮೇಲೆ ಮಾಡಿದ ಕೆಲಸವು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೈಲಿಗಳಾಚೆ, ಬಡಾವಣೆಗಳ ಹಿಂದೆ ಕಾಲುವೆಯಲ್ಲಿ ಮಾಡಿದುದನ್ನು ನೋಡುವವರು ಕಡಿಮೆ. ಒಳಚರಂಡಿಯ ಕೊಳವೆಗಳೂ ಹಳೆಯ ನೀರಿನಂತೆ ಇಳಿಜಾರನ್ನೇ ಹಿಡಿದು ಸಾಗುವಂಥವು. ಅವು ಕಟ್ಟಿಕೊಂಡು ಉಕ್ಕಿದರೆ ಆ ನೀರು ಇಳಿಯುವುದು ಪೂರ್ಣಯ್ಯನವರ ಕಾಲುವೆಗೇ, ಅಲ್ಲಿಂದ ಕೆರೆಗೇ.