ಅಳೆಯೋ ಸೇರು, ತೂಗೋ ಸೇರು

ನಮ್ಮ ಆನೇಕಲ್ ಸೀಮೆಯ ಮನೆಗಳಲ್ಲಿ ಇವತ್ತಿಗೂ ಅಕ್ಕಿ ಅಳೆಯೋದು ಪಾವಿನಲ್ಲೇ, ಅಂಗಡಿಯಲ್ಲಿ ತರೋದು ಕೆಜಿಯಲ್ಲಿ. "ಒಂದು ಸೇರು ಅಂದ್ರೆ ಎಷ್ಟು ಕೆಜಿ?" ಅಂತ ಮಕ್ಕಳು ಕೇಳ್ತಾರೆ. ಇದಕ್ಕೆ ಒಂದೇ ಉತ್ತರ ಇಲ್ಲ, ಯಾಕಂದ್ರೆ ಸೇರು ಒಂದೇ ಇರಲಿಲ್ಲ.

ತೂಗೋ ಸೇರಿಗೆ ಬೆಳ್ಳಿ ರೂಪಾಯಿಯೇ ಬಟ್ಟು. 1835ರಿಂದ ಬಂದ ಕಂಪನಿ ರೂಪಾಯಿಯ ತೂಕ ಒಂದು ತೊಲ, ಅಂದ್ರೆ 11.66 ಗ್ರಾಂ. ಬ್ರಿಟಿಷರ ಪಕ್ಕಾ ಸೇರು 80 ತೊಲ, ಸುಮಾರು 933 ಗ್ರಾಂ. ನಮ್ಮ ಮೈಸೂರು ಸೀಮೆಯ ಕಚ್ಚಾ ಸೇರು ಬರೀ 24 ತೊಲ, 280 ಗ್ರಾಂ. 40 ಸೇರಿಗೆ ಒಂದು ಮಣ ಅನ್ನೋದು ಎರಡರಲ್ಲೂ ಒಂದೇ. ಆದ್ರೆ ಕಚ್ಚಾ ಮಣ 11 ಕೆಜಿ ಚಿಲ್ಲರೆ, ಪಕ್ಕಾ ಮಣ 37 ಕೆಜಿ ಮೇಲೆ. ಯಾವ ಮಣ ಅಂತ ಕೇಳದೆ ವ್ಯಾಪಾರ ಮಾಡಿದವನ ಗತಿ ಏನಾಗ್ತಿತ್ತು ನೀವೇ ಯೋಚನೆ ಮಾಡಿ.

ಕಾಳುಕಡ್ಡಿಗೆ ಬೇರೆ ಸೇರು, ಅದು ಅಳೆಯೋ ಪಾತ್ರೆ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು, ಅದರ ಮೇಲೆ ಕೊಳಗ, 20 ಕೊಳಗಕ್ಕೆ ಒಂದು ಖಂಡುಗ. ಕೊಳಗಕ್ಕೆ ಎಷ್ಟು ಸೇರು ಅನ್ನೋದು ಊರೂರಿಗೂ ಬೇರೆ. ಭೂಮಿಯನ್ನೂ ಹೀಗೇ ಹೇಳ್ತಿದ್ರು, ಖಂಡುಗ ಬೀಜ ಹಿಡಿಯೋ ಜಮೀನು ಖಂಡುಗದ ಜಮೀನು. ಹಳೇ ಶಾಸನಗಳಲ್ಲೂ ದಾನದ ಗದ್ದೆಯ ಲೆಕ್ಕ ಕೊಳಗ, ಖಂಡುಗದಲ್ಲೇ ಇದೆ.

ಕಣದಲ್ಲಿ ರಾಶಿ ಅಳೆಯುವಾಗ "ಒಂದು" ಅನ್ನದೆ "ಲಾಭ" ಅಂತ ಎಣಿಕೆ ಶುರು ಮಾಡ್ತಾರಲ್ಲ, ಆ ಲಾಭ ಯಾರಿಗೆ ಅನ್ನೋದು ಅಳೆಯೋನ ಕೈಯಲ್ಲಿತ್ತು. ಸಾಲ ಕೊಡುವಾಗ ತಲೆ ಸವರಿ ಅಳೆದು, ಇಸ್ಕೊಳ್ಳುವಾಗ ಗೋಪುರ ಕಟ್ಟಿ ಅಳೆಸಿಕೊಂಡ್ರೆ ಕೊಳಗವೂ ಅದೇ, ಎಣಿಕೆಯೂ ಅದೇ, ರಾಗಿ ಮಾತ್ರ ಜಾಸ್ತಿ.

1956ರಲ್ಲಿ ತೂಕ ಅಳತೆ ಕಾಯ್ದೆ ಬಂತು. 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಜಾರಿಯಾಗಿ, 1962ರ ಏಪ್ರಿಲ್ ಹೊತ್ತಿಗೆ ತೂಕಕ್ಕೆ ಕೆಜಿ ದೇಶಕ್ಕೆಲ್ಲ ಕಡ್ಡಾಯ ಆಯ್ತು. ಎರಡು ಸೇರಿನ ಗೊಂದಲ ಅಂಗಡಿಯಿಂದ ಹೋಯ್ತು. ಅಳತೆಗೂ ತೂಕಕ್ಕೂ ಇರೋ ವ್ಯತ್ಯಾಸ ಮಾತ್ರ ಯಾವ ಕಾಯ್ದೆಗೂ ಹೋಗಲ್ಲ, ಅದು ಪದಾರ್ಥದ ಗುಣ.

ಒಂದು ಲೀಟರ್ ಡಬ್ಬಕ್ಕೆ ತಲೆ ಸವರಿ ತುಂಬಿ ನೋಡಿ. ಅಕ್ಕಿ ಆಗಲಿ ರಾಗಿ ಆಗಲಿ 800 ಗ್ರಾಂ ಆಚೀಚೆ ಬರುತ್ತೆ. ರಾಗಿ ಹಿಟ್ಟನ್ನ ಸಡಿಲವಾಗಿ ತುಂಬಿದ್ರೆ 600 ಗ್ರಾಂ ಸುಮಾರು. ಅದನ್ನೇ ಕುಲುಕಿ ಒತ್ತಿದ್ರೆ ಇನ್ನೂ 100 ಗ್ರಾಂ ಹಿಡಿಸುತ್ತೆ. ಕಾಳು ಜಾತಿ, ಒಣಗಿದ ಹದ ನೋಡಿ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ.

ಮಿಲ್ಲಿಗೆ ಹೋಗುವಾಗ ಇದು ನೆನಪಿರಲಿ. ಒಂದು ಡಬ್ಬ ರಾಗಿ ಕೊಟ್ಟು, ಅದೇ ಡಬ್ಬದ ತುಂಬ ಸಡಿಲ ಹಿಟ್ಟು ತಂದ್ರೆ ಸರಿಯಾಯ್ತು ಅನ್ಸುತ್ತೆ. ಲೆಕ್ಕ ಹಾಕಿ, 800 ಕೊಟ್ಟು 600 ತಂದಂಗೆ, ಕಾಲು ಭಾಗ ಅಲ್ಲೇ ಉಳೀತು. ಬೀಸುವಾಗ ಹಾರಿ ಹೋಗೋ ಹಿಟ್ಟು ಅಷ್ಟೊಂದು ಇರಲ್ಲ. ಅನ್ನಕ್ಕೆ ಪಾವು ಸಾಕು, ಅಕ್ಕಿಗೂ ನೀರಿಗೂ ಅದೇ ಪಾವು. ಕೊಡೋ ತಗೊಳ್ಳೋ ಕಡೆ ಮಾತ್ರ ಹೋಗುವಾಗ ಒಂದ್ಸಲ, ಬರುವಾಗ ಒಂದ್ಸಲ ತಕ್ಕಡಿಗೆ ಹಾಕಿಸಿ.