ಭೋಂಗಾ ಎಬ್ಬಿಸಿದ ಊರು

ಮೊದಲ ತಾಸಿನಲ್ಲೇ ತೂಕಡಿಸುವ ಹುಡುಗನನ್ನು ಬೈಯುವ ಮುಂಚೆ ಒಂದು ಮಾತು ಕೇಳಬೇಕು: ಮನೆಯಲ್ಲಿ ಯಾರಿಗೆ ರಾತ್ರಿ ಪಾಳಿ? ಸೊಲ್ಲಾಪುರದಲ್ಲಿ ಈ ಪ್ರಶ್ನೆ ಇಂದು ನಿನ್ನೆಯದಲ್ಲ.

1870ರ ದಶಕದಲ್ಲಿ ಇಲ್ಲಿ ಮೊದಲ ಬಟ್ಟೆ ಗಿರಣಿ ಎದ್ದಿತು. ಮುಂದೆ ನರಸಿಂಗಗಿರ್ಜಿ, ವಿಷ್ಣು, ಲಕ್ಷ್ಮೀ ಗಿರಣಿಗಳು ಬಂದ ಮೇಲೆ ಅದು ‘ಜುನೀ ಮಿಲ್’ ಆಯಿತು. ಕೋಳಿ ಕೂಗಿಗೆ ಏಳುತ್ತಿದ್ದ ಜನ ಭೋಂಗಾ ಕೂಗಿಗೆ ಏಳತೊಡಗಿದರು. ಮನೆಯಲ್ಲಿ ಗಡಿಯಾರ ಇಲ್ಲದವನಿಗೂ ಅದು ಕೇಳುತ್ತಿತ್ತು, ಗಿರಣಿಯ ಮೆಟ್ಟಿಲು ಹತ್ತದವನಿಗೂ ಕೇಳುತ್ತಿತ್ತು.

ಮಕ್ಕಳೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. 1891ರ ಫ್ಯಾಕ್ಟರಿ ಕಾಯದೆ 9 ವರ್ಷ ತುಂಬಿದ ಮಗು ದಿನಕ್ಕೆ 7 ತಾಸು ದುಡಿಯಬಹುದೆಂದಿತ್ತು. 1911ರಲ್ಲಿ ಬಟ್ಟೆ ಗಿರಣಿಗಳ ಮಟ್ಟಿಗೆ ಅದು 6 ತಾಸಾಯಿತು. ನಮ್ಮ ನಾಲ್ಕನೇ ಇಯತ್ತೆಯ ಹುಡುಗರ ವಯಸ್ಸು ನೆನೆದರೆ ಎದೆ ಝಲ್ಲೆನ್ನುತ್ತದೆ.

ದೊಡ್ಡವರ ದುಡಿತಕ್ಕೆ 1911ರ ಕಾಯದೆ ಬಟ್ಟೆ ಗಿರಣಿಗಳಲ್ಲಿ 12 ತಾಸಿನ ಮಿತಿ ಹಾಕಿತು. 1922ರಲ್ಲಿ 11, 1934ರಲ್ಲಿ 10, 1948ರ ಕಾಯದೆಯಲ್ಲಿ 9. ಇದೇನು ಸಣ್ಣ ಗಳಿಕೆಯಲ್ಲ. ಆದರೆ ಒಂದು ಚೋದ್ಯ ನೋಡಿ. ಹನ್ನೆರಡು ತಾಸು ದುಡಿದ ಮನುಷ್ಯ ಬಹುಮಟ್ಟಿಗೆ ರಾತ್ರಿ ಮಲಗುತ್ತಿದ್ದ, ಯಂತ್ರವೂ ನಿಲ್ಲುತ್ತಿತ್ತು. ಪಾಳಿ ಎಂಟು ತಾಸಿಗೆ ಇಳಿದಾಗ ದಿನವೊಂದರಲ್ಲಿ ಸರಿಯಾಗಿ ಮೂರು ಪಾಳಿ ಕೂತವು. ಯಂತ್ರ ನಿಲ್ಲುವ ಕಾರಣವೇ ಉಳಿಯಲಿಲ್ಲ. ಕಾನೂನು ದುಡಿತದ ತಾಸು ಎಣಿಸಿತು, ನಿದ್ದೆಯ ತಾಸು ಎಣಿಸಲಿಲ್ಲ. ನಡುರಾತ್ರಿ ದಾಟುವ ಪಾಳಿಯವನಿಗೆ ರಜೆಯ ದಿನವೆಂದರೆ ಪಾಳಿ ಮುಗಿದಲ್ಲಿಂದ 24 ತಾಸು ಎಂದು 1948ರ ಕಾಯದೆಯಲ್ಲಿ ಬರೆದಿತ್ತು. ಅವನ ರವಿವಾರ ಬೇರೆ, ಹೆಂಡತಿ ಮಕ್ಕಳ ರವಿವಾರ ಬೇರೆ ಎಂದು ಸರಕಾರವೇ ಒಪ್ಪಿಕೊಂಡ ಹಾಗೆ!

ಹಗಲು ಮಲಗಿದರೆ ಲೆಕ್ಕ ಸರಿಹೋಗುವುದಿಲ್ಲವೇ? ಹೋಗುವುದಿಲ್ಲ. ಮೈಯೊಳಗೊಂದು ಗಡಿಯಾರವಿದ್ದು ಅದು ಬೆಳಕನ್ನು ನೋಡಿ ನಡೆಯುತ್ತದೆ. ಆ ಗಡಿಯಾರದ ಒಳಗುಟ್ಟು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಸಿಕ್ಕಿತು. ಪಾಳಿ ಬದಲಾದಾಗಲೆಲ್ಲ ಅದು ದಾರಿ ತಪ್ಪುತ್ತದೆ. ಅದಲ್ಲದೆ ಒಂದೇ ಖೋಲಿಯ ಮನೆಯಲ್ಲಿ ಅಪ್ಪ ಹಗಲು ಮಲಗಿದರೆ ಮಗ್ಗಿ ಗಟ್ಟಿಯಾಗಿ ಹೇಳುವಂತಿಲ್ಲ, ಪಾತ್ರೆ ಸದ್ದು ಮಾಡುವಂತಿಲ್ಲ.

ಜುನೀ ಮಿಲ್, ಲಕ್ಷ್ಮೀ-ವಿಷ್ಣು, ನರಸಿಂಗಗಿರ್ಜಿ ಎಲ್ಲ ಮುಚ್ಚಿಹೋದವು. ಆದರೆ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಚಾದರ, ಟಾವೆಲ್ ನೇಯುವ ಪಾವರ್‌ಲೂಮುಗಳಿವೆ. ಅಲ್ಲಿ ಭೋಂಗಾ ಊದುವುದಿಲ್ಲ, ಮೊಬೈಲ್ ಕೂಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಬಾಗಿಲು ತಟ್ಟಿದಾಗ ನಿದ್ದೆಗಣ್ಣಿನಲ್ಲಿ ಎದ್ದು ಚಿಲಕ ತೆಗೆಯುವವನು ಬಹಳ ಸಲ ನಮ್ಮ ವರ್ಗದ ಹುಡುಗನೇ ಆಗಿರುತ್ತಾನೆ.