ಅಂಗಡಿ ಮಾಲೀಕನದು, ವರಾಂಡ ಊರಿನದು

ಜೈಪುರಕ್ಕೆ ಹೋಗಿ ಬಂದವರನ್ನು ಅಲ್ಲಿ ಏನು ನೋಡಿದಿರಿ ಎಂದು ಕೇಳಿ. ಹತ್ತರಲ್ಲಿ ಒಂಬತ್ತು ಮಂದಿ ಬಣ್ಣದ ಮಾತೆತ್ತುತ್ತಾರೆ. ಗುಲಾಬಿ ನಗರ ಎಂಬ ಹೆಸರು ಅಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ. ಆದರೆ ರಾಜಸ್ತಾನದ ಬೇಸಿಗೆಯ ನಡುಮಧ್ಯಾಹ್ನ ಜೌಹರಿ ಬಜಾರಿನಲ್ಲಿ ನಡೆಯುವವನ ತಲೆಯನ್ನು ಕಾಯುವುದು ಬಣ್ಣವಲ್ಲ. ಅಂಗಡಿಗಳ ಮುಂದೆ ಉದ್ದಕ್ಕೂ ಸಾಗುವ, ನಮ್ಮ ದೇವಸ್ಥಾನಗಳ ಕೈಸಾಲೆಯನ್ನು ನೆನಪಿಸುವ ಕಂಬಗಳ ವರಾಂಡ. ಅದನ್ನು ಕಟ್ಟಿಸಿದವರು ನಮ್ಮ ಕಡೆಯವರೇ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್.

ಅಂಗಡಿಯ ಬಾಗಿಲಿನ ಮುಂದಿನ ಐದಾರು ಅಡಿ ಜಾಗ ಯಾರದು? ಅಂಗಡಿಯವನದೇ, ದಾರಿಹೋಕನದೇ? ನಮ್ಮ ಯಾವುದೇ ಪೇಟೆಯಲ್ಲಿ ಸಂಜೆ ಹೊತ್ತು ನಿಂತು ನೋಡಿದರೆ ಈ ಜಗಳ ಕಣ್ಣಿಗೆ ಬೀಳುತ್ತದೆ. ಬಕೆಟ್ಟು, ಬಟ್ಟೆಯ ಬೊಂಬೆ, ತರಕಾರಿ ಬುಟ್ಟಿಗಳೆಲ್ಲ ಫುಟ್‌ಪಾತಿನ ಮೇಲಿರುತ್ತವೆ. ಜನ ರಸ್ತೆಯ ಮೇಲೆ ನಡೆಯುತ್ತಿರುತ್ತಾರೆ. ಸುಮಾರು 300 ವರ್ಷಗಳಿಂದ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿದ ಊರು ಜೈಪುರ.

ನೂಲು ಹಿಡಿದು ಕಟ್ಟಿದ ಪೇಟೆ

ಸವಾಯಿ ಜೈಸಿಂಗ್ ಈ ನಗರಕ್ಕೆ ಅಡಿಗಲ್ಲು ಹಾಕಿಸಿದ್ದು 1727ರಲ್ಲಿ. ಅಲ್ಲಿಯವರೆಗೆ ರಾಜಧಾನಿ ಇದ್ದದ್ದು ಬೆಟ್ಟಗಳ ನಡುವಿನ ಅಂಬೇರ್‌ನಲ್ಲಿ. ಕೋಟೆಗೆ ಬೆಟ್ಟ ಒಳ್ಳೆಯದು, ವ್ಯಾಪಾರಕ್ಕೆ ಬಯಲೇ ಬೇಕು. ಜೈಸಿಂಗ್ ಬಯಲಿಗೆ ಇಳಿದ. ಬಂಗಾಳ ಮೂಲದ ವಿದ್ಯಾಧರ ಭಟ್ಟಾಚಾರ್ಯ ನಗರದ ನಕ್ಷೆಯ ಕೆಲಸದಲ್ಲಿ ಅವನಿಗೆ ನೆರವಾದ.

ಒಂಬತ್ತು ಚೌಕಗಳ ಲೆಕ್ಕದಲ್ಲಿ ಊರು ಎದ್ದಿತು. ಪೂರ್ವದ ಸೂರಜ್‌ಪೋಲ್‌ನಿಂದ ಪಶ್ಚಿಮದ ಚಾಂದ್‌ಪೋಲ್‌ವರೆಗೆ, ಅಂದರೆ ಸೂರ್ಯನ ಬಾಗಿಲಿನಿಂದ ಚಂದ್ರನ ಬಾಗಿಲಿಗೆ, ಒಂದು ನೇರ ರಾಜಬೀದಿ. ಅದನ್ನು ಅಡ್ಡಬೀದಿಗಳು ಕೂಡುವಲ್ಲಿ ಚೌಪಡ್ ಎಂಬ ವಿಶಾಲ ಚೌಕಗಳು. ಮುಖ್ಯ ಬೀದಿಯ ಅಗಲ ಸುಮಾರು 108 ಅಡಿ. ಅದರ ಅರ್ಧ ಅಗಲದ್ದು ಒಳಬೀದಿ, ಅದರರ್ಧ ಓಣಿ, ಅದರರ್ಧ ಸಂದಿ. ಎತ್ತಿನ ಗಾಡಿ, ಒಂಟೆಗಳ ಕಾಲದಲ್ಲಿ ಹಾಕಿದ ಈ ಅಳತೆ ಮೋಟಾರು ಕಾಲಕ್ಕೂ ಒದಗಿತು.

ಇದಕ್ಕಿಂತ ದೊಡ್ಡ ಜಾಣ್ಮೆ ಕಟ್ಟಡಗಳಿಗೆ ವಿಧಿಸಿದ ಕಟ್ಟಳೆಯಲ್ಲಿದೆ. ಮುಖ್ಯ ಬೀದಿಗಳನ್ನು ಮೊದಲಿಂದಲೇ ಬಜಾರುಗಳೆಂದು ಯೋಜಿಸಲಾಗಿತ್ತು. ಬೇರೆ ಬೇರೆ ಊರುಗಳಿಂದ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಲಾಯಿತು. ಬೀದಿಗೆ ಕಾಣುವ ಮುಖ ಮಾತ್ರ ಒಂದೇ ಸಾಲಿನಲ್ಲಿ, ಒಂದೇ ಮಾದರಿಯಲ್ಲಿ ಇರಬೇಕಿತ್ತು. ಹಿಂದಿನ ಹವೇಲಿಯ ಒಳಗೆ ಎಷ್ಟು ಅಂಗಳ, ಎಷ್ಟು ಕೋಣೆ ಎಂಬುದು ಯಜಮಾನನ ಅನುಕೂಲ. ಮನೆ ನಿನ್ನದು, ಅದರ ಮುಖ ಬೀದಿಯದು ಎಂಬುದು ಈ ಏರ್ಪಾಟಿನ ಸಾರ.

ಇಂದಿನ ನಗರ ಯೋಜನಾ ಇಲಾಖೆಗಳು ಯಾವ ವಲಯದಲ್ಲಿ ಯಾವ ಚಟುವಟಿಕೆ ಇರಬೇಕೆಂದು ನಕ್ಷೆಯಲ್ಲಿ ಬಣ್ಣ ಹಚ್ಚುತ್ತವೆ. ಜೈಪುರದಲ್ಲಿ ಅದು ಓಣಿಗಳ ಹೆಸರಿನಲ್ಲೇ ಇದೆ. ಜೌಹರಿ ಬಜಾರು ಆಭರಣದವರದು, ಮನಿಹಾರೋಂ ಕಾ ರಾಸ್ತಾ ಅರಗಿನ ಬಳೆ ಮಾಡುವವರದು, ಠಠೇರೋಂ ಕಾ ರಾಸ್ತಾ ಲೋಹದ ಪಾತ್ರೆ ಬಡಿಯುವವರದು. ಮುಂದಿನ ಬೀದಿಯಲ್ಲಿ ಮಾರಾಟ, ಹಿಂದಿನ ಓಣಿಯಲ್ಲಿ ತಯಾರಿ. ಕಸುಬಿನ ಲೆಕ್ಕ ಜಾತಿಯ ಲೆಕ್ಕವೂ ಆಗಿತ್ತು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಬೀದಿಗೆ ಸೊಗಸು ತಂದ ಅದೇ ವ್ಯವಸ್ಥೆ ಮನುಷ್ಯರನ್ನೂ ಅವರವರ ಓಣಿಗೆ ಕಟ್ಟಿಹಾಕಿತ್ತು.

ಬಣ್ಣ ಬಂದದ್ದು ಆಮೇಲೆ

ಪ್ರಖ್ಯಾತವಾದ ಗುಲಾಬಿ ಬಣ್ಣ ಊರು ಹುಟ್ಟಿ ಸುಮಾರು 150 ವರ್ಷಗಳಾದ ಮೇಲಿನ ಕಥೆ. 1876ರಲ್ಲಿ ವೇಲ್ಸಿನ ರಾಜಕುಮಾರ, ಮುಂದೆ ಏಳನೆಯ ಎಡ್ವರ್ಡ್ ದೊರೆಯಾದವರು, ಭೇಟಿಗೆ ಬಂದಾಗ ಎರಡನೆಯ ರಾಮಸಿಂಗ್ ಮಹಾರಾಜರು ಊರಿಗೆ ಈ ಬಣ್ಣ ಬಳಿಸಿದರೆಂದು ಹೇಳುವುದು ವಾಡಿಕೆ. ಒಂದು ಅತಿಥಿ ಸತ್ಕಾರಕ್ಕೆ ಬಳಿದದ್ದು ಕಾಲಕ್ರಮೇಣ ಕಟ್ಟಳೆಯಾಯಿತು. ಸಾಲು ತಪ್ಪದ ಕಟ್ಟಡಗಳಿದ್ದುದರಿಂದಲೇ ಒಂದು ಬಣ್ಣ ಊರಿಗೆಲ್ಲ ಒಪ್ಪಿತು. ಒಂದು ಮನೆ ಮುಂದೆ, ಒಂದು ಮನೆ ಹಿಂದೆ, ಒಂದು ಕುಳ್ಳು, ಒಂದು ಉದ್ದ ಎಂಬಂತಿದ್ದರೆ ಯಾವ ಬಣ್ಣವೂ ಅದನ್ನು ಮುಚ್ಚುತ್ತಿರಲಿಲ್ಲ.

ಮೈಸೂರಿನಿಂದ ಹೋದ ದಿವಾನರು

1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಊರಿನ ಅಂದದ ವಿಷಯದಲ್ಲಿ ಅವರದು ಬಿಡದ ಹಟ. ಬೆಳಗಿನ ಹೊತ್ತು ಕುದುರೆಯೇರಿ ಬೀದಿ ಸುತ್ತುತ್ತಿದ್ದರು, ಕಸ ಕಂಡರೆ ಅಧಿಕಾರಿಯನ್ನು ಕರೆಸುತ್ತಿದ್ದರು ಎಂದು ಹಿರಿಯರು ಹೇಳುವುದುಂಟು. ಮೈಸೂರು ಬಿಟ್ಟ ಮೇಲೆ 1942ರಲ್ಲಿ ಜೈಪುರದ ಪ್ರಧಾನಮಂತ್ರಿಯಾದರು. ಅಲ್ಲಿದ್ದದ್ದು 1946ರವರೆಗೆ, ಕೇವಲ ನಾಲ್ಕು ವರ್ಷ.

ಆ ಅಲ್ಪ ಅವಧಿಯಲ್ಲಿ ಕೋಟೆಯ ಹೊರಗೆ ಎ ಯಿಂದ ಇ ವರೆಗೆ ಐದು ಬಡಾವಣೆ ಯೋಜನೆಗಳು ರೂಪುಗೊಂಡವು. ಅವುಗಳಲ್ಲೊಂದನ್ನು ಜನ ಈಗಲೂ ಸಿ-ಸ್ಕೀಮ್ ಎಂದೇ ಕರೆಯುತ್ತಾರೆ. ದಕ್ಷಿಣದ ಕೋಟೆಗೋಡೆಯ ಹೊರಗಿನ ದೊಡ್ಡ ರಸ್ತೆಗೆ ಅವರದೇ ಹೆಸರು, ಎಂ.ಐ. ರೋಡ್. ಕೋಟೆಯೊಳಗಿನ ಹಳೆಯ ಬಜಾರುಗಳಲ್ಲಿ ಅಂಗಡಿ ಸಾಲಿನ ಮುಂದೆ ಕಂಬಗಳ ವರಾಂಡ ಎದ್ದದ್ದೂ ಆಗಲೇ.

ಕೆಲಸ ಸರಳ, ಪ್ರಯೋಜನ ನಾಲ್ಕು. ನಡೆಯುವವರಿಗೆ ನೆರಳು. ಗಾಡಿಗಳಿಂದ ಬೇರೆಯಾದ ದಾರಿ. ಅಂಗಡಿಯ ಸಾಮಾನಿಗೆ ಬಿಸಿಲು, ಮಳೆಯಿಂದ ರಕ್ಷಣೆ. ತೀಜ್, ಗಣಗೌರ್ ಹಬ್ಬಗಳ ಮೆರವಣಿಗೆ ತ್ರಿಪೋಲಿಯಾ ಬಜಾರಿನಲ್ಲಿ ಸಾಗುವಾಗ ವರಾಂಡದ ಮೇಲ್ಚಾವಣಿಯೇ ನೋಡುಗರ ಅಟ್ಟಣಿಗೆ.

ಒಂದಡಿಯ ಆಸೆ

ಆದರೆ ನೆರಳಿರುವಲ್ಲಿ ಸಾಮಾನು ಬಂದು ಕೂರುವುದು ಸಹಜ. ಒಬ್ಬ ವ್ಯಾಪಾರಿ ಒಂದಡಿ ಮುಂದೆ ಬಂದರೆ ಪಕ್ಕದವನ ಅಂಗಡಿ ಮರೆಯಾಗುತ್ತದೆ. ಪಕ್ಕದವನು ಎರಡಡಿ ಮುಂದೆ ಬರುತ್ತಾನೆ. ಕಡೆಗೆ ಎಲ್ಲರೂ ಸಮಸಮ. ಯಾರಿಗೂ ಲಾಭವಿಲ್ಲ, ದಾರಿ ಮಾತ್ರ ಹೋಯಿತು. ಬೀದಿಗೆ ಕಟ್ಟಳೆ ಬೇಕಾಗುವುದು ಈ ಕಾರಣಕ್ಕೆ. ಅದು ವ್ಯಾಪಾರಿಯ ವಿರುದ್ಧದ ಕಟ್ಟಳೆಯಲ್ಲ, ಒಬ್ಬ ವ್ಯಾಪಾರಿಯನ್ನು ಇನ್ನೊಬ್ಬನಿಂದ ಕಾಪಾಡುವ ಕಟ್ಟಳೆ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಜೈಪುರದ ವರಾಂಡಗಳು ಹೀಗೇ ಅಂಗಡಿಗಳ ಹೊಟ್ಟೆ ಸೇರಿದವು. ಕಟ್ಟಡಗಳ ವಾಸ್ತು ನಿಯಂತ್ರಣಕ್ಕೆ 1970ರ ಕಟ್ಟಡ ಉಪವಿಧಿಗಳಿದ್ದವು. ಆದರೆ ಕಾಗದದ ನಿಯಮಕ್ಕೆ ಸಾಮಾನು ತಾನಾಗಿ ಹಿಂದೆ ಸರಿಯುವುದಿಲ್ಲ. 2000ದ ಸುಮಾರಿಗೆ ನಗರಪಾಲಿಕೆ ‘ಆಪರೇಷನ್ ಪಿಂಕ್’ ಹೆಸರಿನಲ್ಲಿ ಒತ್ತುವರಿ ತೆರವಿಗೆ ಇಳಿಯಿತು. ಕಂಬಗಳು ಮತ್ತೆ ಬೆಳಕು ಕಂಡವು. 2019ರಲ್ಲಿ ಯುನೆಸ್ಕೊ ಜೈಪುರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಎತ್ತಿ ಹೇಳಿದ ಸಂಗತಿಗಳಲ್ಲಿ ಈ ಕಂಬಸಾಲಿನ ಅಂಗಡಿಬೀದಿಗಳು, ಚೌಪಡ್‌ಗಳು, ಏಕರೂಪದ ಕಟ್ಟಡಮುಖಗಳು ಸೇರಿವೆ. 2020ರಲ್ಲಿ ಮೆಟ್ರೊ ಕೂಡ ಬಡೀ ಚೌಪಡ್‌ವರೆಗೆ ನೆಲದಡಿಯಲ್ಲೇ ಬಂತು.

ವ್ಯಾಪಾರಿಗೂ ಅವನದೇ ದೂರುಗಳಿರುತ್ತವೆ. ಗೋದಾಮಿಗೆ ಜಾಗವಿಲ್ಲ, ಗಿರಾಕಿಯ ವಾಹನ ನಿಲ್ಲಿಸಲು ಎಡೆಯಿಲ್ಲ, ಬಾಡಿಗೆ ಏರುತ್ತಲೇ ಇದೆ. ರಾಜರ ಕಾಲದಲ್ಲಿ ಅಪ್ಪಣೆಯಾದರೆ ಸಾಕಿತ್ತು, ಯಾರನ್ನೂ ಕೇಳಬೇಕಿರಲಿಲ್ಲ. ಈಗ ಪಾಲಿಕೆ ಕೇಳಬೇಕು, ಒಪ್ಪಿಸಬೇಕು, ಒಪ್ಪಿದ ಮೇಲೆ ಎಲ್ಲರಿಗೂ ಒಂದೇ ಅಳತೆ ಹಿಡಿಯಬೇಕು. ಕಷ್ಟವಾಗುವುದು ಈ ಕೊನೆಯ ಮಾತಿನಲ್ಲಿ.

ನಮ್ಮ ಮೈಸೂರಿನಲ್ಲೂ ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆ ಇಂಥದೇ ಒಂದು ರಾಜಬೀದಿ. ಅದರ ಬದಿಯ ಹಳೆಯ ಅಂಗಡಿಸಾಲುಗಳ ಪೈಕಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದವು. ಉಳಿಸಬೇಕೇ, ಕೆಡವಬೇಕೇ ಎಂಬ ವಾದ ಆಮೇಲೆ ವರ್ಷಗಟ್ಟಲೆ ನಡೆಯಿತು. ಪಾರಂಪರಿಕ ಬೀದಿ ಒಂದು ದಿನದಲ್ಲಿ ಬೀಳುವುದಿಲ್ಲ. ದಿನವೂ ನೋಡಿಕೊಳ್ಳುವವರಿಲ್ಲದೆ ಬೀಳುತ್ತದೆ.

ಮುಂದಿನ ಸಲ ಪೇಟೆಗೆ ಹೋದಾಗ ಒಂದು ಲೆಕ್ಕ ಹಾಕಿ ನೋಡಿ. ರಸ್ತೆಗೆ ಇಳಿಯದೆ, ಅಂಗಡಿಗಳ ಮುಂದೆ ಎಷ್ಟು ಹೆಜ್ಜೆ ನಡೆಯಬಹುದು? ಮಿರ್ಜಾ ಸಾಹೇಬರು ಊರು ಸುತ್ತುವಾಗ ನೋಡುತ್ತಿದ್ದದ್ದು ಬಹುಶಃ ಇಂಥದನ್ನೇ.